ವರ್ಗಾವಣೆ: ಬೇಕು / ಬೇಡ

ಆ ನೀರು ಸರಬರಾಜು ಕಚೇರಿಯಲ್ಲಿ ಆಕೆಯ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಆಕೆ ಬೋರ್ಡಕ್ಕ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಗೂಡಿನಲ್ಲಿ, ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತೇಳು ವರ್ಷ ಕೂತವಳು. ಫೋನು ಮಾಡಿದವರು ಕೆಮ್ಮಿದರೆ ಸಾಕು, ಅದು ಯಾವ ಬೀದಿಯ ದೂರು, ಯಾವ ಮೇಜಿಗೆ ದಾಟಿಸಬೇಕು ಎಂದು ತಿಳಿಯುತ್ತಿತ್ತು. 'ಸೈಟಿಗೆ ಹೋಗಿದ್ದಾರೆ' ಎಂದು ಹೇಳಿಸಿದ ಎಂಜಿನಿಯರು ಯಾವ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ ಎಂಬುದೂ ತಿಳಿಯುತ್ತಿತ್ತು.

ನಿವೃತ್ತಿಗೆ ಮೂರು ವರ್ಷ ಇರುವಾಗ ಡಿಜಿಟಲ್ ಫೋನು ಬಂತು. ಇನ್ನು ಹೊರಗಿನ ಕರೆ ನೇರ ದೂರು ಗುಮಾಸ್ತರ ಮೇಜಿಗೆ. ಅವರು ಗುಂಡಿ ಒತ್ತಿ ಬೇಕಾದವರಿಗೆ ಕಳಿಸುತ್ತಾರೆ. ಹಾಗಾದರೆ ಬೋರ್ಡಕ್ಕ ಯಾಕೆ? ಊರಾಚೆಯ ಪೈಪು ಗೋದಾಮಿಗೆ ಹಾಕಿ ಎಂದರು ಸಾಹೇಬರು. ಗೋದಾಮಿಗೆ ಎರಡು ಬಸ್ಸು. ಅಲ್ಲಿ ಹೆಂಗಸರಿಗೆ ಕಕ್ಕಸಿರಲಿಲ್ಲ. ಗಂಡಸರಿಗೂ ಇರಲಿಲ್ಲ, ಅವರಿಗೆ ಗೋಡೆಯಿತ್ತು. ನೌಕರರ ಸಂಘದವರು ಈ ವರ್ಗಾವಣೆ ಬೇಡವೆಂದು ಮನವಿ ಕೊಟ್ಟರು. ಸಾಹೇಬರು ನಗುನಗುತ್ತ ತೆಗೆದುಕೊಂಡು, ಫೋಟೋ ಹೊಡೆಸಿಕೊಂಡು, ಅದರ ಮೇಲೆ ಚಹಾದ ಲೋಟ ಇಟ್ಟರು.

ಫೋನು ಕೂರಿಸಲು ಬಂದ ಮೆಕ್ಯಾನಿಕ್ ಮೊದಲ ದಿನ ಬೋರ್ಡಕ್ಕನ ಪಕ್ಕ ಕೂತು ಎಲ್ಲ ಸೌಲಭ್ಯಗಳನ್ನೂ ವಿವರಿಸಿದ. ಯಾವ ಮೇಜಿಗೆ ಯಾವುದು ಬೇಕು ಎಂದು ಎಲ್ಲರೂ ಸಹಿ ಹಾಕಿ ಕೊಡಲಿ, "ಆಮೇಲೆ ನನ್ನ ತಲೆಗೆ ಕಟ್ಟಬೇಡಿ" ಎಂದ. ಹೆಡ್ ಕ್ಲರ್ಕು ಹಾಳೆ ತಯಾರಿಸಿದರು. 'ಕರೆ ವರ್ಗಾವಣೆ' ಎಂದು ಬರೆಯಲು ಜಾಗ ಸಾಲದೆ 'ವರ್ಗಾವಣೆ: ಬೇಕು / ಬೇಡ' ಎಂದಷ್ಟೇ ಹಾಕಿ, ಮಗಳ ಹೆರಿಗೆಗೆಂದು ರಜೆಯ ಮೇಲೆ ಹೋದರು.

ಹಾಳೆ ಮೇಜಿಂದ ಮೇಜಿಗೆ ಹೋದಂತೆ ಕಚೇರಿಯ ಮುಖ ಬಿಳಿಚಿಕೊಂಡಿತು. ಎಲ್ಲರೂ 'ಬೇಡ'ಕ್ಕೆ ಗುರುತು ಹಾಕಿದರು. ಕೆಲವರು ಕೆಳಗೆ ಎರಡು ಗೆರೆ ಎಳೆದರು. ಒಬ್ಬರು ಪಕ್ಕದಲ್ಲಿ 'ತಾಯಿಗೆ ಸಂಧಿವಾತ' ಎಂದೂ ಬರೆದರು. ದೂರು ಗುಮಾಸ್ತರು ಹಾಳೆ ಹಿಡಿದು ಗೂಡಿಗೇ ಓಡಿಬಂದರು.

"ಅಕ್ಕಾ, ಯಾರನ್ನ ಎತ್ತಂಗಡಿ ಮಾಡ್ತಿದ್ದಾರೆ? ನಿಮ್ಮ ಕಿವಿಗೆ ಬಿದ್ದಿರುತ್ತಲ್ಲ!"

ಬೋರ್ಡಕ್ಕ ಹಾಳೆ ನೋಡಿದಳು. ಇದು ಫೋನಿನದು ಮಾರಾಯ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನಂಗೆ ಗೊತ್ತಿರೋದು ಒಂದೇಪ್ಪ. ನನ್ನನ್ನ."

"ಅಯ್ಯೋ, ನಿಮ್ಮದು ಮುಗಿದ ಕತೆ ಬಿಡಿ. ನಮ್ಮದು ಹೇಳಿ."

ಮಾತು ನಾಲಿಗೆಯಿಂದ ಗಂಟಲಿಗೆ ವಾಪಸ್ಸು ಹೋಯಿತು.

"ಹಾಗಾದ್ರೆ ಬೇಡ ಅಂತ ಹಾಕಿ. ಗಟ್ಟಿಯಾಗಿ ಹಾಕಿ."

ತನ್ನ ಸಾಲಿನಲ್ಲಿ ಆಕೆ 'ಬೇಕು' ಎಂದು ಹಾಕಿದಳು.

ಸೋಮವಾರ ಹೊಸ ಫೋನು ಶುರುವಾಯಿತು. ದೂರು ಗುಮಾಸ್ತರು ಗುಂಡಿ ಒತ್ತಿದರೆ ಕುಂಯ್ ಎಂದಿತೇ ಹೊರತು ಕರೆ ಕದಲಲಿಲ್ಲ. ಒಡೆದ ಪೈಪು, ಬಾರದ ನೀರು, ಬಂದ ಹುಳು, ಎಲ್ಲ ಅವರ ಕಿವಿಯಲ್ಲೇ ಉಳಿದವು. ರಿಸೀವರ್ ಕೆಳಗಿಟ್ಟು, ಮೂರು ಮಹಡಿ ಹತ್ತಿ ಜನರನ್ನು ಕರೆತಂದರು. ಬುಧವಾರ ಸಾಹೇಬರಿಗೆ ಸೇರಬೇಕಿದ್ದ ಅವರ ಹೆಂಡತಿಯ ಬೈಗುಳವೂ ಗುಮಾಸ್ತರ ಪಾಲಿಗೇ ಬಂತು.

ಮೆಕ್ಯಾನಿಕ್ ಹಾಳೆ ತೋರಿಸಿದ. "ಎಲ್ಲರೂ ಬೇಡ ಅಂದಿದ್ದಾರೆ ಸಾರ್. ಬೇಕು ಅಂದಿದ್ದು ಆ ಅಕ್ಕ ಒಬ್ಬರೇ, ಅವರ ಬೋರ್ಡಿಂದ ಮಾತ್ರ ಕರೆ ದಾಟುತ್ತೆ. ಈಗ ಬೇಕಿದ್ರೆ ಒಬ್ಬೊಬ್ಬರೂ ಅರ್ಜಿ ಕೊಡಲಿ."

ರಜೆ ಮೊಟಕು ಮಾಡಿಸಿ ಕರೆಸಿದ ಹೆಡ್ ಕ್ಲರ್ಕು ಎಲ್ಲರನ್ನೂ ನಿಲ್ಲಿಸಿ ಬಿಡಿಸಿ ಹೇಳಿದರು. ಎಲ್ಲರಿಗೂ ಅರ್ಥವಾಯಿತು. ಆದರೆ 'ವಿಷಯ: ವರ್ಗಾವಣೆ ಕೋರಿ' ಎಂಬ ಅರ್ಜಿಗೆ ಒಬ್ಬನೂ ಸಹಿ ಹಾಕಲಿಲ್ಲ.

"ಅರ್ಥ ಆಯ್ತು ಸಾರ್," ಎಂದರು ದೂರು ಗುಮಾಸ್ತರು. "ಆದ್ರೆ ಕಾಗದ ಕಾಗದಾನೇ. ನಾಳೆ ಬೇರೆ ಸಾಹೇಬ್ರು ಬಂದು ಓದಿದ್ರೆ?" ಮೂರು ದಿನದಲ್ಲಿ ಕಾಲು ಊದಿದ್ದ ಮನುಷ್ಯ ಹೇಳಿದ ಮಾತಿದು.

ಸಾಹೇಬರು ಬೋರ್ಡಕ್ಕನನ್ನು ಕರೆಸಿದರು.

"ಕರೆಗಳೆಲ್ಲ ನಿಮ್ಮ ಬೋರ್ಡಿಗೇ ಬರಲಿ. ಗೋದಾಮು ಸದ್ಯಕ್ಕೆ ಬೇಡ. ಹೋಗಿ, ಕೂತ್ಕೊಳ್ಳಿ."

"ಬಾಯಿಮಾತಲ್ಲಿ ಬೇಡ ಸಾರ್. ಬರೆದುಕೊಡಿ."

ಸಾಹೇಬರು ಹಲ್ಲು ಕಚ್ಚಿ ಹಾಳೆ ಎಳೆದುಕೊಂಡರು. "ವಿಷಯ ಏನಂತ ಹಾಕಲಿ?"

"ವರ್ಗಾವಣೆ ರದ್ದು ಅಂತ. ಯಾವ ವರ್ಗಾವಣೆ ಅನ್ನೋದನ್ನೂ ಬಿಡಿಸಿ ಬರೀರಿ ಸಾರ್, ನಮ್ಮ ಜನಕ್ಕೆ ಬೇಗ ತಲೆಗೆ ಹೋಗಲ್ಲ."