ಮುಖಪುಟದಲ್ಲಿ ಹೊಳೆದ ರೋಲರ್

ಗೆಳೆಯರೇ, ಹೊಳೆಯುವುದನ್ನೆಲ್ಲ ಫೋಟೋ ಹೊಡೆಯುವ ನನ್ನ ಚಟಕ್ಕೆ ಇವತ್ತು ತಕ್ಕ ಶಾಸ್ತಿಯಾಯಿತು.

ಅಂಬೇವಾಡಿಯ ಒಂದು ಸಣ್ಣ ಕಾರ್ಖಾನೆಗೆ ಹೊಸ ವೆಬ್‌ಸೈಟ್ ಮಾಡಿಕೊಟ್ಟೆ. ಅವರು ತಯಾರಿಸುವುದು ಒಂದೇ ವಸ್ತು, ಕಾಗದದ ಮಿಲ್ಲುಗಳಿಗೆ ಬೇಕಾಗುವ ಉಕ್ಕಿನ ರೋಲರ್. ಬೆಳಿಗ್ಗೆ ಮಾಲೀಕರಾದ ಈರಣ್ಣನವರು ಗಿರಾಕಿಗಳಿಗೆಲ್ಲ ಲಿಂಕ್ ಕಳಿಸಿ, ನಮಗೆ ಪೇಢೆ ಹಂಚಿದರು. ಲೇತ್ ಮೇಸ್ತ್ರಿ ಜುಜೆಯಣ್ಣ ಪೇಢೆ ಬಾಯಿಗಿಟ್ಟು, ಮುಖಪುಟಕ್ಕೆ ನಾನು ಹಾಕಿದ್ದ ರೋಲರ್ ಫೋಟೋವನ್ನು ಮೊಬೈಲಿನಲ್ಲಿ ನೋಡಿದವರು ಅಗಿಯುವುದನ್ನೇ ನಿಲ್ಲಿಸಿದರು.

“ಅಕ್ಕಾರ, ಇದನ್ನ ಎಲ್ಲಿ ಹೊಡದ್ರಿ?”

“ಗೇಟಿನ ಹತ್ರ ಇತ್ತಲ್ರಿ. ಫಳಫಳ ಹೊಳೀತಿತ್ತು.”

“ಅದು ನಾಪಾಸಾಗಿ ವಾಪಸ್ ಬಂದಿದ್ದರಿ. ಚೊಲೋ ಮಾಲಿಗೆ ಗ್ರೀಸ್ ಬಳದು ಗೋಣಿಚೀಲ ಸುತ್ತಿ ಇಡತೇವಿ. ಇದರ ಮ್ಯಾಲೆ ದಿನಾ ಕುಂತು ಚಾ ಕುಡೀತೇವಿ. ನಮ್ಮ ಪ್ಯಾಂಟ್ ತಿಕ್ಕಿ ತಿಕ್ಕಿ ಹೊಳಪು ಬಂದೈತಿ.”

ಫೋಟೋ ತೆಗೆದುಹಾಕಲು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಈರಣ್ಣನವರ ಫೋನ್ ಬಡಿಯಿತು. ಆ ರೋಲರನ್ನು ವಾಪಸ್ ಕಳಿಸಿದ್ದ ಮಿಲ್ಲಿನ ಎಂಜಿನಿಯರೇ ಮಾಡಿದ್ದರು. ಈರಣ್ಣನವರು ಸ್ಪೀಕರ್ ಹಾಕಿದರು.

“ವೆಬ್‌ಸೈಟ್ ನೋಡಿದೆ. ಇಂಥಾ ಮಾಲ್ ಇಟ್ಕೊಂಡು ನಮಗ ಅಂಥಾದ್ದು ಯಾಕ ಕಳಿಸಿದ್ರಿ?”

ಈರಣ್ಣನವರು ಬೆವರು ಒರೆಸಿಕೊಂಡರು. ಜುಜೆಯಣ್ಣ ಫೋನಿನತ್ತ ಬಾಗಿ ಮೆಲ್ಲಗೆ ಹೇಳಿದರು.

“ಸಾಹೇಬ್ರ, ಇದು ನೀವು ವಾಪಸ್ ಕಳಿಸಿದ್ದ ರೋಲರ್ ರಿ. ಈಗ ನಮ್ಮ ಚಾದ ಬೆಂಚು ಆಗೇತಿ.”

ಅತ್ತ ಕಡೆಯಿಂದ ಜೋರು ನಗು.

“ಹಂಗಾದ್ರ ಗೋಣಿಚೀಲ ಸುತ್ತಿದ್ದು ಒಂದು ಕಳಸ್ರಿ.”

ಈಗ ಮುಖಪುಟದಲ್ಲಿ ಗೋಣಿಚೀಲ ಸುತ್ತಿದ ರೋಲರ್ ಇದೆ. ಚೆಂದ ಕಾಣುತ್ತಿಲ್ಲ ಎಂದು ಯಾರೂ ಕಮೆಂಟ್ ಹಾಕಬೇಡಿ. ಅದೇ ಅದರ ಗ್ಯಾರಂಟಿ.