ನಾಗೇಶನ ಮುಖಪುಟ

ಮನುಷ್ಯ ಈ ಲೋಕಕ್ಕೆ ಒಬ್ಬನೇ ಬರುತ್ತಾನೆ, ಒಬ್ಬನೇ ಹೋಗುತ್ತಾನೆ. ನಡುವೆ ಹುಟ್ಟುಹಬ್ಬದ ಬ್ಯಾನರಿನ ಮೇಲೆ ಮಾತ್ರ ಅವನ ಜೊತೆಗೆ ಹದಿನಾರು ಮಂದಿ ಇರುತ್ತಾರೆ. ಇದನ್ನು ವೇದಾಂತವೆಂದು ತಿಳಿಯಬೇಡಿ. ಹತ್ತು ಅಡಿ ಅಗಲದ ಬ್ಯಾನರಿನ ಕೆಳಗಂಚಿನಲ್ಲಿ ‘ಶುಭ ಕೋರುವವರು’ ಎಂದು ಬರೆದು ಮುಖಗಳನ್ನು ಜೋಡಿಸುತ್ತ ಹೋದರೆ ಸರಿಯಾಗಿ ಹದಿನಾರು ಹಿಡಿಯುತ್ತವೆ. ಹದಿನೇಳನೆಯವನು ಬಂದರೆ ಯಾರದಾದರೂ ಕಿವಿ ಕತ್ತರಿಸಬೇಕಾಗುತ್ತದೆ. ಕಿವಿ ಹೋದವನು ಮರುದಿನ ಬೆಳಿಗ್ಗೆ ಅಂಗಡಿಗೆ ಬಂದೇ ಬರುತ್ತಾನೆ.

ಬೀದರಿನ ಚೌಬಾರದ ಹತ್ತಿರ ನನ್ನ ಅಂಗಡಿ. ಮೊದಲು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದೆ. ಈಗ ಕಂಪ್ಯೂಟರಿನ ಮುಂದೆ ಕೂತು ಬ್ಯಾನರು ಮಾಡುತ್ತೇನೆ. ಜನ ಈಗಲೂ ಪೇಂಟರ್ ಎಂದೇ ಕರೆಯುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಈ ಕಸುಬಿಗೂ ಒಂದು ಶಾಸ್ತ್ರವಿದೆ. ಅದನ್ನು ಬರೆದಿಟ್ಟವರಿಲ್ಲ; ಮೀರಿದವರೂ ಇಲ್ಲ. ಹುಟ್ಟುಹಬ್ಬಕ್ಕೆ ಹಳದಿ, ಕೆಂಪು. ಕಣ್ಣಿಗೆ ಕರಿ ಕನ್ನಡಕ. ಹಿಂದೆ ಹುಲಿ, ಸಿಂಹ ಅಥವಾ ಉದಯಿಸುವ ಸೂರ್ಯ, ಅವರವರ ಯೋಗ್ಯತೆಯಂತೆ. ಶ್ರದ್ಧಾಂಜಲಿಗೆ ಕಪ್ಪು-ಬಿಳುಪು, ಒಂದೇ ಮುಖ, ಸುತ್ತ ಹೂವು, ಕೆಳಗೆ ಹೆಸರು, ಊರು. ಭಾಲ್ಕಿಯಿಂದ ಔರಾದದವರೆಗೆ ಅಕ್ಷರ ಬಾರದವರೂ ಓಡುವ ಬಸ್ಸಿನಲ್ಲಿ ಕೂತು, ದೂರದ ಬ್ಯಾನರು ನೋಡಿ, ಅದು ಹುಟ್ಟೋ ಸಾವೋ ಹೇಳಬಲ್ಲರು. ಇಷ್ಟು ಸ್ಪಷ್ಟವಾಗಿ ನಮ್ಮ ದೊಡ್ಡ ಸಾಹಿತಿಗಳೂ ಬರೆದ ಹಾಗೆ ಕಾಣೆ.

ಇದೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡಿದೆ. ಓದಿದವರ ಮಾತು ಕೇಳಿ ಕೆಟ್ಟೆ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಆ ತಪ್ಪಿನ ಅಂದವಾದ ಭಾಗವೆಲ್ಲ ನನ್ನದೇ.

ನನ್ನ ಅಣ್ಣನ ಮಗಳು ಅಶ್ವಿನಿ ಪಾಪ್ ಸಂಗೀತದ ಪತ್ರಿಕೆ ತೆಗೆದಳು. ನಮ್ಮ ಸೀಮೆಯ ಹುಡುಗರು ಈಗ ತಾವೇ ಹಾಡು ಕಟ್ಟಿ ಫೋನಿನಲ್ಲಿ ಬಿಡುತ್ತಾರೆ. ಮೊದಲ ಸಾಲು ಕನ್ನಡ, ಎರಡನೆಯದು ದಖ್ಖನಿ, ಮೂರನೆಯದು ಮರಾಠಿ. ನಾಲ್ಕನೆಯ ಸಾಲಿಗೆ ಭಾಷೆ ಮುಗಿದು ಬರೀ ಢೋಲು. ಇವರ ಬಗ್ಗೆ ಬರೆಯುವವರು ಯಾರೂ ಇಲ್ಲವೆಂದು ಅವಳಿಗೆ ಸಂಕಟ. ಎರಡು ವರ್ಷ ಊರೂರು ಅಲೆದು, ಹಾಡುವವರ ಮಾತು ಕೇಳಿ ಬರೆದುಕೊಂಡಳು. ಪತ್ರಿಕೆಗೆ ‘ಗದ್ದಲ’ ಎಂದು ಹೆಸರಿಟ್ಟಳು. ಆ ಹಾಡುಗಳನ್ನು ಕೇಳಿದ್ದರಿಂದ ಹೆಸರಿನ ಬಗ್ಗೆ ನನ್ನ ತಕರಾರು ಇರಲಿಲ್ಲ.

ಮುನ್ನೂರು ಪ್ರತಿ. ಬೀದರ, ಭಾಲ್ಕಿ, ಔರಾದ ಬಸ್‌ಸ್ಟ್ಯಾಂಡುಗಳ ಪುಸ್ತಕದಂಗಡಿಯವರು ಒಂದು ವಾರ ಅಂಗಡಿಯ ಮುಂದೆ ತೂಗುಹಾಕಲು ಒಪ್ಪಿದ್ದರು. ವಾರದಲ್ಲಿ ಹೋದರೆ ಎರಡನೆಯ ಸಂಚಿಕೆ ಇಟ್ಟುಕೊಳ್ಳುತ್ತಾರೆ, ಉಳಿದರೆ ಇಲ್ಲ. ಎರಡನೆಯ ಸಂಚಿಕೆಯ ಬರಹವೆಲ್ಲ ಅವಳ ನೋಟ್‌ಬುಕ್ಕಿನಲ್ಲಿ ಸಿದ್ಧವಾಗಿ ಕೂತಿತ್ತು. ಎರಡು ವರ್ಷದ ಅಲೆದಾಟದ ಹಣೆಬರಹ ಒಂದು ಮುಖಪುಟದ ಮೇಲೆ ನಿಂತಿತ್ತು. ಅದನ್ನು ಅವಳು ನನ್ನ ಕೈಗೆ ಕೊಟ್ಟಳು.

“ಕಾಕಾ, ಮುಖಪುಟ ನೀವೇ ಮಾಡ್ಬೇಕು ನೋಡ್ರಿ. ಆದ್ರ ಹುಲಿ ಬ್ಯಾಡ.”

“ಸಿಂಹ?”

“ಕಾಕಾ!”

ಆಮೇಲೆ ಅವಳಿಂದ ನನಗೆ ಪಾಠವಾಯಿತು. ಪ್ರತಿ ಪತ್ರಿಕೆಗೂ ಒಬ್ಬ ಗುರಿ ಓದುಗ ಇರುತ್ತಾನಂತೆ. ನಮ್ಮವನ ವಯಸ್ಸು ಹದಿನಾರರಿಂದ ಇಪ್ಪತ್ತೆರಡು. ಬಸ್ಸಿಗೆ ಕಾಯುತ್ತ ಫೋನು ನೋಡುತ್ತಿರುತ್ತಾನೆ. ಒಮ್ಮೆ ಕಣ್ಣೆತ್ತುತ್ತಾನೆ, ಅಷ್ಟೇ. ಆ ಗಳಿಗೆಯಲ್ಲಿ ಅವನನ್ನು ಹಿಡಿಯಬೇಕು. ಸುತ್ತ ಎಲ್ಲವೂ ಹಳದಿ, ಕೆಂಪು ಆಗಿ ಕಿರುಚುತ್ತಿರುವಾಗ ನಮ್ಮ ಮುಖಪುಟ ಸುಮ್ಮನಿರಬೇಕು; ಸುಮ್ಮನಿದ್ದದ್ದೇ ಎದ್ದು ಕಾಣುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತವರಿಗೆ ಸೀಟು ಸಿಕ್ಕಿದ್ದನ್ನು ನಾನು ನೋಡಿಲ್ಲ.

ಮುಖಪುಟಕ್ಕೆ ಆರಿಸಿದ್ದು ಭಾಲ್ಕಿ ತಾಲ್ಲೂಕಿನ ಮೆಹಕರದ ನಾಗೇಶನನ್ನು. ರೈತರ ಮನೆಯ ಹುಡುಗ, ಇಪ್ಪತ್ತು ವರ್ಷ. ಹೊಲದ ಬದುವಿನ ಮೇಲೆ ನಿಂತು ಹಾಡಿದ ಅವನ ಹಾಡು ಸುತ್ತಲಿನ ಕಾಲೇಜುಗಳಲ್ಲೆಲ್ಲ ಗೊತ್ತು, ಮುಖ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಫೋಟೋದಲ್ಲಿ ಅವನು ನಗುತ್ತಿರಲಿಲ್ಲ. ಯಾಕೆಂದು ಕೇಳಿದೆ.

“ನಾನೇ ನಗಬ್ಯಾಡ ಅಂದೇನ್ರಿ. ಈಗಿನ ಹಾಡೋರು ನಗಂಗಿಲ್ಲ ಕಾಕಾ,” ಎಂದಳು. ಕೊನೆಗೆ, “ನಮ್ಮ ಊರಿಂದು ಏನರ ಇರ್ಬೇಕು. ಬಿದರಿ ಕೆಲಸದ ಹಂಗ ಮಾಡ್ರಿ. ಕರಿ ಮ್ಯಾಲ ಬೆಳ್ಳಿ,” ಎಂದಳು.

ಇಲ್ಲಿ ನಾನು ಸಿಕ್ಕಿಬಿದ್ದೆ. ಬೀದರಿನವನ ಮುಂದೆ ಬಿದರಿ ಎಂದರೆ ಮುಗಿಯಿತು. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಚಿಕ್ಕ ಉಳಿಯಲ್ಲಿ ಬಳ್ಳಿ ಕೆತ್ತಿ, ಗೀರಿನೊಳಗೆ ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಉಜ್ಜಿದರೆ ಲೋಹವೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ಉಸ್ತಾದರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅಂಥ ಊರಿನಲ್ಲಿ ಹುಟ್ಟಿ ಜೀವಮಾನವಿಡೀ ಹದಿನಾರು ಮಂದಿಯ ಕಿವಿ ಕಾಯುತ್ತ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಾಲ್ಕು ದಿನ ಕೂತು ಮಾಡಿದೆ. ಕರಿ ನೆಲ. ನಡುವೆ ಬೆಳ್ಳಿಯ ಬಣ್ಣದಲ್ಲಿ ನಾಗೇಶನ ನಗದ ಮುಖ. ಬರೀ ಮುಖ ಬೋಳೆನಿಸಿತು. ಸುತ್ತಲೂ ಬಿದರಿಯ ಹೂಬಳ್ಳಿ ಬಳಸಿದೆ, ಒಂದೊಂದು ಎಸಳನ್ನೂ ಬೇರೆಬೇರೆ ಬಿಡಿಸಿ. ಕೆಳಗೆ ‘ನಾಗೇಶ, ಮೆಹಕರ’. ಪತ್ರಿಕೆಯ ಹೆಸರನ್ನು ಅಶ್ವಿನಿಯ ಅಪ್ಪಣೆಯಂತೆ ಮೂಲೆಯಲ್ಲಿ ಸಣ್ಣಗೆ ಇಟ್ಟೆ, ಚಿತ್ರವೇ ಮಾತಾಡಬೇಕಂತೆ. ಇಬ್ಬರೂ ಬಹಳ ಹೊತ್ತು ನೋಡಿದೆವು. ಬೀದರಿನಲ್ಲಿ ಕೂತು ನೋಡಿದರೆ ಅದು ಥೇಟು ಒಂದು ಹಳೆಯ ಹೂಜಿಯಂತೆ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಮೂರೂ ಅಂಗಡಿಗಳ ಮುಂದೆ ಪತ್ರಿಕೆ ತೂಗಿತು. ಜೊತೆಗೆ ಮುಖಪುಟವನ್ನೇ ದೊಡ್ಡದು ಮಾಡಿದ ಒಂದೊಂದು ಪೋಸ್ಟರು. ಹತ್ತೂವರೆಗೆ ಭಾಲ್ಕಿಯ ಅಂಗಡಿಯ ಖಾಜಾಮಿಯಾ ಫೋನು ಮಾಡಿದರು.

“ಪೇಂಟರ್ ಸಾಬ್, ಭಾಳ ಕೆಟ್ಟಾತ್ರಿ. ಹುಡುಗಗ ಏನಾಗಿತ್ತು?”

“ಯಾವ ಹುಡುಗಗ?”

“ಮೆಹಕರದಂವಗ್ರಿ. ಮಂದಿ ಎಲ್ಲ ನಿಂತು ಕೈ ಮುಗದು ಹೊಂಟಾರ. ಒಬ್ಬಾಕಿ ಆಯಿ ಊದಿನಕಡ್ಡಿ ಸಿಗಿಸಿ ಹೋದ್ಳು. ನಾನೂ ಮುಂಜಾನಿಂದ ರೇಡಿಯೋ ಹಚ್ಚಿಲ್ಲ.”

“ಪತ್ರಿಕೆ ಎಷ್ಟು ಹೋದುವು?”

“ತೋಬಾ! ಸತ್ತವನ ಫೋಟೋ ಯಾರ್ ಮನಿಗಿ ಒಯ್ತಾರ್ರಿ?”

ನಾನು ಫೋನು ಕೆಳಗಿಟ್ಟು ಮುಖಪುಟವನ್ನು ಇನ್ನೊಮ್ಮೆ ನೋಡಿದೆ. ಕಪ್ಪು-ಬಿಳುಪು, ಒಂದೇ ಮುಖ, ಸುತ್ತ ಹೂವು, ಕೆಳಗೆ ಹೆಸರು, ಊರು. ಶಾಸ್ತ್ರಕ್ಕೆ ಒಂದು ಕೂದಲೆಳೆಯೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ಮೆಹಕರ ಮುಟ್ಟಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಅಕ್ಕಪಕ್ಕದವರು ರೊಟ್ಟಿ, ಜುಣಕ ಕಟ್ಟಿಕೊಂಡು ಬಂದರು. ಬಾಗಿಲು ತೆಗೆದವನು ನಾಗೇಶ. ಔರಾದ ತಾಲ್ಲೂಕಿನ ಡಾಬಕಾದಿಂದ ಅವನ ಸೋದರತ್ತೆ ಜೀಪು ಮಾಡಿಕೊಂಡು ಅಳುತ್ತ ಬಂದವಳು, ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ ಅಳಿಯನನ್ನು ಕಂಡು ಬೆನ್ನಿಗೆ ಎರಡು ಬಿಟ್ಟಳಂತೆ: “ಜೀವಂತ ಇದ್ದಂವ ಒಂದು ಫೋನ್ ಮಾಡಬಾರದೇನೋ ಖೋಡಿ!”

ಮಧ್ಯಾಹ್ನದೊಳಗೆ ಅವನ ತಂದೆಯ ಫೋನೂ ಬಂತು. “ಪೇಂಟರ್ರ, ನಿಮಗ ಕೈ ಮುಗೀತೇನಿ. ನನ್ನ ಮಗಗ ಜೀವ ಕೊಡ್ರಿ.”

ಈ ಕಸುಬಿನಲ್ಲಿ ಜನ ನನ್ನಿಂದ ಬಣ್ಣ ಕೇಳಿದ್ದಾರೆ, ಮೀಸೆ ಕೇಳಿದ್ದಾರೆ, ಬೋಳುತಲೆಗೆ ಕೂದಲು ಕೇಳಿದ್ದಾರೆ. ಜೀವ ಕೇಳಿದ್ದು ಇದೇ ಮೊದಲು. ಅಶ್ವಿನಿ ಫೋನು ಕಸಿದುಕೊಂಡು, “ತಪ್ಪಾತ್ರಿ ಮಾಮಾ, ಈಗೇ ಎಲ್ಲ ತೆಗಸ್ತೇನಿ. ಪತ್ರಿಕಿನೂ ವಾಪಸ್ ತರಸ್ತೇನಿ,” ಎಂದಳು. ಅವಳ ಕಣ್ಣು ತುಂಬಿತ್ತು. ಪತ್ರಿಕೆ ವಾಪಸು ಬಂದರೆ ‘ಗದ್ದಲ’ ಅಲ್ಲಿಗೆ ಮುಗಿದಂತೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆದರೆ ಆ ಮನುಷ್ಯ ಒಪ್ಪಲಿಲ್ಲ. “ಈಗ ತೆಗದ್ರ ಮಣ್ಣು ಕೊಟ್ಟು ಬಂದ್ರು ಅಂತಾರವಾ. ಇರ್ಲಿ ಅದು ಅಲ್ಲೇ. ನನ್ನ ಮಗನ್ನೂ ಅಲ್ಲೇ ನಿಂದ್ರಸ್ತೇನಿ. ಮಂದಿ ಎರಡೂ ನೋಡ್ಲಿ.”

ನಾವು ಭಾಲ್ಕಿ ತಲುಪುವ ಹೊತ್ತಿಗೆ ನಾಗೇಶ ತನ್ನ ಪೋಸ್ಟರಿನ ಕೆಳಗೆ ನಿಂತಿದ್ದ. ಪಕ್ಕದಲ್ಲಿ ತಂದೆ, ಸಾಕ್ಷಿಯಂತೆ. ಒಬ್ಬ ಮುದುಕ ಮೇಲಿನ ಮುಖ ನೋಡಿದ, ಕೆಳಗಿನ ಮುಖ ನೋಡಿದ.

“ಪಾಪ, ತಮ್ಮ ಇರ್ಬೇಕು. ಭಾಳ ಹೋಲ್ತಾನ.”

“ಅಂವ ನಾನೇ ರೀ ಅಜ್ಜಾ!”

“ಇರ್ಲಿ ಬಿಡಪಾ, ಹೊಸದರಾಗ ಹಂಗಾ ಅನಸ್ತದ,” ಎಂದು ಮುದುಕ ಬೆನ್ನು ಸವರಿ ಬಸ್ಸು ಹತ್ತಿದ.

ಮನುಷ್ಯ ತಾನು ಬದುಕಿದ್ದೇನೆ ಎಂದು ಸಾಧಿಸುವುದು ಎಷ್ಟು ಕಷ್ಟ ಎಂಬುದು ನಿಂತು ನೋಡಿದವರಿಗೇ ಗೊತ್ತು. ನಾಗೇಶ ಆಧಾರ್ ಕಾರ್ಡು ತೋರಿಸಿದ; ಅದು ಇದ್ದವರಿಗೂ ಇರುತ್ತದೆ, ಹೋದವರಿಗೂ ಇರುತ್ತದೆ. ಕೊನೆಗೆ ಅವನಲ್ಲಿ ಉಳಿದದ್ದು ಒಂದೇ ಪುರಾವೆ. ಗಂಟಲು ಸರಿಮಾಡಿಕೊಂಡು ಹಾಡತೊಡಗಿದ. ಕನ್ನಡದ ಸಾಲಿಗೆ ಜನ ತಿರುಗಿದರು. ದಖ್ಖನಿಯ ಸಾಲಿಗೆ ಖಾಜಾಮಿಯಾ ಹೊರಗೆ ಬಂದರು. ಮರಾಠಿಯ ಸಾಲಿಗೆ ಕಾಲೇಜು ಬಿಟ್ಟು ಬಂದ ಹುಡುಗ ಹುಡುಗಿಯರು ಸುತ್ತುಗಟ್ಟಿದ್ದರು. ನಾಲ್ಕನೆಯ ಸಾಲಿಗೆ ಢೋಲು ಇರಲಿಲ್ಲ. ಅವನ ತಂದೆ ಅಂಗಡಿಯ ಹಲಗೆ ಬಡಿದರು.

ಆಮೇಲೆ ನಡೆದದ್ದು ಯಾವ ಪಾಠದಲ್ಲೂ ಇರಲಿಲ್ಲ. ಸತ್ತ ನಾಗೇಶನ ಮುಖಪುಟ ಕೈಯಲ್ಲಿ ಹಿಡಿದು ಬದುಕಿದ ನಾಗೇಶನ ಪಕ್ಕ ಫೋಟೋ ತೆಗೆಸಿಕೊಳ್ಳುವುದು ಹದಿನಾರರಿಂದ ಇಪ್ಪತ್ತೆರಡರ ಎಲ್ಲರಿಗೂ ಬೇಕಾಯಿತು. ಅದಕ್ಕೆ ಪತ್ರಿಕೆ ಕೊಳ್ಳಲೇಬೇಕು. ಅವನನ್ನು ನಗಬೇಡ ಎಂದು ಅಶ್ವಿನಿ ಮೂರು ಸಲ ಹೇಳಿದಳು, ಅವನು ಕೇಳಲಿಲ್ಲ. ಸಂಜೆಗೆ ಭಾಲ್ಕಿಯ ನೂರೂ ಮುಗಿದವು. ಮರುದಿನ ಔರಾದದಲ್ಲೂ ಇದೇ ಆಯಿತು, ಅಷ್ಟರಲ್ಲಿ ತಂದೆ, “ಇಂವ ನನ್ನ ಮಗ, ಇದ್ದಾನ!” ಎಂದು ಕೂಗುವುದರಲ್ಲಿ ಪಳಗಿದ್ದರು.

ಬೀದರಿನಲ್ಲಿ ಮಾತ್ರ ಯಾರೂ ಅಳಲಿಲ್ಲ, ಯಾರೂ ಕೊಳ್ಳಲೂ ಇಲ್ಲ. ಇಲ್ಲಿಯ ಜನ ಅದನ್ನು ಬಿದರಿ ಸಾಮಾನಿನ ಅಂಗಡಿಯ ಪಟ್ಟಿಯೆಂದು ತಿಳಿದು, ಹೂಜಿ ಇದೆಯೇ ಎಂದು ಕೇಳಿ ಹೋದರಂತೆ. ನನ್ನ ನಾಲ್ಕು ದಿನದ ಶ್ರಮವನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಅವರು ಮಾತ್ರ. ಆ ನೂರು ಪ್ರತಿಗಳನ್ನೂ ಭಾಲ್ಕಿಗೆ ಒಯ್ದೆವು.

ಮುಖಪುಟದ ಬಗ್ಗೆ ನನಗೆ ಈಗ ಒಂದು ಅಭಿಪ್ರಾಯವಿದೆ. ನಾವು ಬಿಡಿಸುವುದು ಅರ್ಧ. ಉಳಿದರ್ಧವನ್ನು ನೋಡುವವರು ತಮ್ಮ ಊರಿನ ಗೋಡೆಗಳಿಂದ ತರುತ್ತಾರೆ. ಎರಡರ ನಡುವೆ ವ್ಯತ್ಯಾಸ ಬಂದಲ್ಲಿ ಆ ಮುಖದ ಮಾಲೀಕನೇ ಬಂದು ನಿಲ್ಲಬೇಕಾಗುತ್ತದೆ. ಇದನ್ನು ಅಶ್ವಿನಿಗೆ ವಿವರವಾಗಿ ಹೇಳಿದೆ. ಹೌದು ಕಾಕಾ ಎಂದಳು.

ಶನಿವಾರದ ಹೊತ್ತಿಗೆ ಮುನ್ನೂರು ಪ್ರತಿಯೂ ಹೋಗಿದ್ದವು. ಎರಡನೆಯ ಸಂಚಿಕೆಯ ಮುಖಪುಟದ ಕೆಲಸವನ್ನು ಅವಳು ಬೇರೆಯವರಿಗೆ ಕೊಟ್ಟಿದ್ದಾಳೆ.