ಚೌಕ ಕಂಸದೊಳಗಿನ ಅಕ್ಕೋರು

ಇವತ್ತು ಬೆಳಿಗ್ಗೆ ಸೈಕಲ್ಲಿನ ಪಾವ್‌ವಾಲಾ ಹಾರ್ನ್ ಒತ್ತುತ್ತ ಬಂದ. ಬಿಸಿ ಪಾವು ಸೀಳಿ ಶೇಂಗಾ ಚಟ್ನಿಪುಡಿ ಉದುರಿಸಿದೆ, ನೋಡಿ... ಆ ವಾಸನೆಗೆ ಅಕ್ಕೋರು ಎದುರಿಗೇ ಬಂದು ಕೂತಂತಾಯಿತು. ಪಣಜಿಯ ಪಾವು, ಧಾರವಾಡದ ಚಟ್ನಿ. ಈ ರುಚಿ ಹತ್ತಿಸಿದವರೇ ಅವರು.

ನಮ್ಮ ಮೇಲಿನ ಮನೆಯಲ್ಲಿದ್ದರು. ನಿವೃತ್ತ ಕನ್ನಡ ಶಿಕ್ಷಕಿ, ಎಲ್ಲರಿಗೂ ಅಕ್ಕೋರು. ಗೋವಾಕ್ಕೆ ದುಡಿಯಲು ಬಂದವರ ಮಕ್ಕಳು ಕನ್ನಡ ಓದಲಿ ಎಂದು ಒಂದು ವೆಬ್‌ಸೈಟ್ ನಡೆಸುತ್ತಿದ್ದರು. ಅದನ್ನು ಕಟ್ಟಿಕೊಟ್ಟವಳು ನಾನು. ಮಧ್ಯಾಹ್ನದ ಮಂಪರಿನ ಹೊತ್ತು, ಕಿಟಕಿಯಾಚೆ ಮಾಂಡವಿ ನದಿಯಲ್ಲಿ ಫೆರಿ ದೋಣಿ ಆ ದಡಕ್ಕೆ ಹೋಗುತ್ತಿತ್ತು, ಮತ್ತೆ ಈಚೆ ಬರುತ್ತಿತ್ತು... ಅಕ್ಕೋರು ಒಂದೇ ಬೆರಳಲ್ಲಿ ಪಾಠ ಟೈಪ್ ಮಾಡುತ್ತಿದ್ದರು. ಪ್ರತಿ ಪಾಠದ ಕೊನೆಗೆ ತಮ್ಮ ಫೋನ್ ನಂಬರು. ಕಾಪಿ ಮಾಡಿ ಹಾಕ್ರಿ ಅಂದರೆ ಕೇಳುವವರಲ್ಲ, ಪ್ರತಿ ಸಲ ಕೈಯಾರೆ.

ಒಮ್ಮೆ ನಂಬರು ಬದಲಾಯಿತು. ಎಲ್ಲ ಪಾಠ ತಿದ್ದಿದರು, ಒಂದು ಉಳಿದುಹೋಯಿತು. ಡಿಚೋಲಿಯ ಲಾರಿ ಡ್ರೈವರನ ಹೆಂಡತಿಯೊಬ್ಬಳು, ಮಗಳಿಗೆ ಒತ್ತಕ್ಷರ ತಿಳಿಯಲಿಲ್ಲವೆಂದು, ಎಂಟು ದಿನ ಹಳೆ ನಂಬರಿಗೇ ಫೋನ್ ಮಾಡಿದ್ದಳಂತೆ. ಅವಳ ಓಣಿಯವರಿಂದ ಸುದ್ದಿ ತಿಳಿದದ್ದೇ ತಡ, ಅಕ್ಕೋರು ಬಸ್ಸು ಹತ್ತಿ ಅವಳ ಮನೆಗೇ ಹೋಗಿ ಕಲಿಸಿ ಬಂದರು. ಬಂದವರ ಮುಖ ಸಪ್ಪಗಾಗಿತ್ತು.

"ತಂಗೀ, ಒಂದ ಕಡೆ ತಿದ್ದಿದ್ರ ಎಲ್ಲಾ ಕಡೆ ಬದಲ ಆಗಬೇಕು, ಹಂಗ ಏನರ ಮಾಡವಾ."

ಮಾಡಿದೆ. ಅದಕ್ಕೆ ಶಾರ್ಟ್‌ಕೋಡ್ ಅನ್ನುತ್ತಾರೆ. ನಂಬರು ಒಂದೇ ಕಡೆ ಬರೆದಿಡುವುದು. ಪಾಠದ ಕೊನೆಗೆ ಚೌಕ ಕಂಸದೊಳಗೆ [ಅಕ್ಕೋರು] ಎಂದು ಬರೆದರೆ ಸಾಕು, ಪುಟ ತೆರೆದವರಿಗೆ ಅಲ್ಲಿ ಅವರ ಮಾತೂ ನಂಬರೂ ಕಾಣುತ್ತಿದ್ದವು. ಮಾತು ಅವರದೇ: "ತಿಳೀಲಿಲ್ಲೇನು? ನಾಚಗೋಬ್ಯಾಡ್ರಿ, ಫೋನ್ ಮಾಡ್ರಿ. ನಾ ಮನ್ಯಾಗ ಇರ್ತೇನಿ." ಮೊದಲ ಸಲ ಅದು ಮೂಡಿದಾಗ "ಅಯ್ಯ ಇದರ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ನಾನೂ ಏನೋ ಘನಂದಾರಿ ಕೆಲಸ ಮಾಡಿದವಳಂತೆ ಬೀಗಿದ್ದೆ.

ಅಕ್ಕೋರು ತೀರಿಕೊಂಡು ತಿಂಗಳಾಯಿತು. ಅವರ ಫೋನು ಬಂದ್ ಆಗಿದೆ. ಪಾಠಗಳು ಮಾತ್ರ ಇನ್ನೂ ಅದೇ ನಂಬರು ತೋರಿಸುತ್ತಿದ್ದವು... ಮತ್ತೊಬ್ಬ ತಾಯಿ ಹಾಗೆ ಎಂಟು ದಿನ ಕಾಯಬಾರದೆಂದು ಇವತ್ತು ಪಾವು ಬದಿಗಿಟ್ಟು ಕೂತೆ. ಶಾರ್ಟ್‌ಕೋಡಿನ ಒಂದು ಸಾಲು ಅಳಿಸಿದರೆ ಎಲ್ಲ ಪುಟಗಳಿಂದಲೂ ಅವರು ಒಂದೇ ಏಟಿಗೆ ಹೋಗಿಬಿಡುತ್ತಾರೆ. ನನ್ನ ಜಾಣತನದ ಮೇಲೆ ನನಗೇ ಸಿಟ್ಟು ಬಂತು, ಅಳುವೂ ಬಂತು. ಕೊನೆಗೆ ಅವರ ಮಾತು ಹಾಗೇ ಬಿಟ್ಟು, ನಂಬರು ಮಾತ್ರ ನನ್ನದು ಹಾಕಿದೆ.

ಮಧ್ಯಾಹ್ನ ಫೋನು ಬಂತು. ಯಾರೋ ಹೆಣ್ಣುಮಗಳು.

"ಅಕ್ಕೋರು ಮನ್ಯಾಗ ಅದಾರೇನ್ರಿ?"

ಪಾಠಗಳ ಪುಟ ತೆರೆದುಕೊಂಡೆ.

"ಇಲ್ರೀ... ಅವರು ಹೋಗಿಬಿಟ್ರು. ನೀವು ಹೇಳ್ರಿ, ಯಾವ ಪಾಠ ತಿಳೀಲಿಲ್ಲ?"